ತೋಟದ ಶಾಲೆಯಿಂದ ವಿಶ್ವಕೋಶಕ್ಕೆ

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಪಟ್ಟಿ ಓದುತ್ತ ಹೋದರೆ ಊರಿನ ಹೆಸರಿನ ಜೊತೆ ತೋಟಗಳ ಹೆಸರು ಸಾಲುಸಾಲಾಗಿ ಬರುತ್ತವೆ. ಪಾಟೀಲ ತೋಟ, ನಾಯಿಕ ತೋಟ, ಹೀಗೆ ಮನೆತನಕ್ಕೊಂದು ಶಾಲೆ ಎನ್ನುವಷ್ಟು. ರಾಯಬಾಗ ತಾಲೂಕಿನ ಮುಗಳಖೋಡದ ಸುತ್ತಲೂ ಇದೇ ಕಥೆ. ಘಟಪ್ರಭೆಗೆ ಧುಪದಾಳದಲ್ಲಿ ಕಟ್ಟಿದ ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆ ಈ ಸೀಮೆಗೆ ನೀರು ತಂದಿತು. ಬಾವಿ, ಬೋರು ಕೂಡಿಕೊಂಡವು. ಕಬ್ಬು, ಅರಿಸಿನ, ಗೋವಿನಜೋಳ ಇದ್ದಲ್ಲಿ ಸರಿರಾತ್ರಿಯಲ್ಲಿ ಎದ್ದು ನೀರು ಹಾಯಿಸಬೇಕು, ದನ ನೋಡಬೇಕು. ಜನ ಹೊಲದಲ್ಲೇ ಮನೆ ಮಾಡಿದರು. ಮಕ್ಕಳ ಬೆನ್ನಿಗೆ ಶಾಲೆಯೂ ಬಂತು.

ಈ ವಸ್ತಿಗಳ ದಾರಿ ಹೊರಗಿನವರಿಗೆ ಗೊತ್ತಿಲ್ಲ. ಯಾವ ತಿರುವಿನಲ್ಲಿ ಕಾಲುವೆ ದಾಟಬೇಕು, ಮಳೆಗಾಲದಲ್ಲಿ ಯಾವ ಹಾದಿ ಕೆಸರಾಗುತ್ತದೆ ಎಂಬುದು ದಿನಾ ನಡೆಯುವ ಆರನೇ ಇಯತ್ತೆಯ ಹುಡುಗಿಗೆ ಗೊತ್ತು. ಅವಳಿಗೆ ಗೊತ್ತಿರುವುದು ಅಂತರಜಾಲದಲ್ಲಿ ಎಲ್ಲೂ ಇಲ್ಲ.

ಇಂಥ ತಿಳಿವಳಿಕೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಬರೆಸುವ ಪ್ರಯತ್ನ ಕರ್ನಾಟಕದಲ್ಲಿ ಹೊಸದಲ್ಲ. ಕನ್ನಡ ವಿಕಿಪೀಡಿಯ ಹುಟ್ಟಿದ್ದು 2003ರಲ್ಲಿ. ಹತ್ತು ವರ್ಷದ ನಂತರ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ತರಗತಿಗಳು ಅದರಲ್ಲಿ ಬರೆಯುವುದನ್ನು ಪಾಠದ ಭಾಗವಾಗಿಸಿಕೊಂಡವು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ವಿಕಿಪೀಡಿಯ ಸಂಘವೇ ಆಯಿತು. 2016ರ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯ ಪರೀಕ್ಷಾ ಹಂತ ದಾಟಿ ಸ್ವತಂತ್ರ ತಾಣವಾಯಿತು. ಕರಾವಳಿಯ ಹುಡುಗರು ಭೂತಕೋಲ, ಕಂಬಳ, ಗಿಡಮೂಲಿಕೆ, ಅಡುಗೆ ಎಂದು ತಮ್ಮ ಸುತ್ತಲಿನದನ್ನೇ ಬರೆದರು. ಘಟಪ್ರಭೆ, ಕೃಷ್ಣೆಯ ಕಡೆಗೆ ಆ ಗಾಳಿ ಅಷ್ಟಾಗಿ ಬೀಸಿಲ್ಲ.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ವಿಕಿಪೀಡಿಯದಲ್ಲಿ ಪುಟಗಳೇ ಇಲ್ಲವೆಂದಲ್ಲ. ರಾಶಿ ಇವೆ. ಆದರೆ ಒಂದನ್ನು ಓದಿದರೆ ಹತ್ತು ಓದಿದ ಹಾಗೆ: ಅದೇ ಉಷ್ಣಾಂಶ, ಅದೇ ಜೋಳದ ರೊಟ್ಟಿ, ಅದೇ ಹಬ್ಬಗಳು, ಊರಿನ ಹೆಸರು ಮಾತ್ರ ಬೇರೆ. ಯಾರೋ ಪುಣ್ಯಾತ್ಮರು ಒಂದು ಅಚ್ಚು ಮಾಡಿಕೊಂಡು ಎಲ್ಲ ಊರಿಗೂ ಒತ್ತಿದ್ದಾರೆ. ಅವರ ಶ್ರಮವನ್ನು ಹಗುರವಾಗಿ ಕಾಣಬೇಕಿಲ್ಲ, ಪುಟ ತೆರೆದಿಟ್ಟದ್ದೇ ಒಂದು ಕೆಲಸ. ಆದರೆ ಮುಗಳಖೋಡವನ್ನು ಮುಗಳಖೋಡವಾಗಿಸುವ ಸಂಗತಿ ಅಂಥ ಅಚ್ಚಿನಲ್ಲಿ ಬೀಳುವುದಿಲ್ಲ. ಇಲ್ಲಿಯ ಯಲ್ಲಾಲಿಂಗ ಮಠಕ್ಕೂ ದೂರದ ಆಳಂದ ತಾಲೂಕಿನ ಜಿಡಗಾ ಮಠಕ್ಕೂ ಇರುವ ನಂಟು ಪಕ್ಕದ ಊರಿನ ಪುಟದಿಂದ ಎತ್ತಿಟ್ಟರೆ ಸಿಗುವಂಥದ್ದೇ?

ಹಾಗಾದರೆ ಮಕ್ಕಳು ಅಜ್ಜನನ್ನು ಕೇಳಿ ಬರೆದುಬಿಡಬಹುದೇ? ಇಲ್ಲ, ಇಲ್ಲೇ ತೊಡಕಿರುವುದು. ವಿಕಿಪೀಡಿಯಕ್ಕೆ ಅಚ್ಚಾದ ಆಧಾರ ಬೇಕು, ಬಾಯಿಮಾತು ಸಾಲದು. ಈ ನಿಯಮ ಹಳ್ಳಿಗೆ ತುಸು ಅನ್ಯಾಯವೇ, ಏಕೆಂದರೆ ಹಳ್ಳಿಯ ಬಗ್ಗೆ ಅಚ್ಚಾದದ್ದೇ ಕಡಿಮೆ. ಆದರೂ ಆಧಾರ ಹುಡುಕುವುದೇ ಒಂದು ಒಳ್ಳೆಯ ಭೂಗೋಳ ಪಾಠ. ರಾಯಬಾಗದ ಬಗ್ಗೆ ತಿಳಿಯಲು ಹೊರಟ ವಿದ್ಯಾರ್ಥಿ 1884ರ ಮುಂಬಯಿ ಪ್ರಾಂತ್ಯದ ಬೆಳಗಾವಿ ಗೆಜೆಟಿಯರ್ ತೆರೆಯುತ್ತಾನೆ ಎನ್ನಿ. ನಿರಾಸೆ ಖಂಡಿತ. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅದರ ವಿವರ ಇರುವುದು 1886ರ ಕೊಲ್ಲಾಪುರ ಸಂಪುಟದಲ್ಲಿ. ಹತ್ತಿರದ ತೇರದಾಳ ಸಾಂಗಲಿ ಸಂಸ್ಥಾನದ್ದು. ಒಂದು ದಿನದ ಸೈಕಲ್ ದಾರಿಯೊಳಗೆ ಎಷ್ಟು ರಾಜ್ಯಗಳಿದ್ದವು ಎಂಬುದು ಪುಸ್ತಕ ಸಿಗದೆ ಪರದಾಡಿದಾಗಲೇ ಹುಡುಗನ ತಲೆಗೆ ಹೋಗುವುದು.

ಕಣ್ಣಾರೆ ಕಂಡದ್ದಕ್ಕೆ ಬೇರೆ ಎರಡು ಜಾಗಗಳಿವೆ. ನನ್ನ ಮಟ್ಟಿಗೆ ಶಾಲೆಗಳು ಶುರು ಮಾಡಬೇಕಾದದ್ದು ಅಲ್ಲಿಂದ. ಮೊದಲನೆಯದು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್. ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಇದು. ಸ್ಥಳದಲ್ಲಿ ನಿಂತು ನೋಡಿದ್ದೇ ಇಲ್ಲಿ ಪ್ರಮಾಣ. ಹೆಸರನ್ನು ಕನ್ನಡದಲ್ಲೇ ಬರೆಯಲು ಪ್ರತ್ಯೇಕ ಅವಕಾಶವಿದೆ. ಶಾಲೆಯಲ್ಲಿ ಮೊಬೈಲ್ ಬೇಡವೆಂದರೆ ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿ ಮಕ್ಕಳ ಕೈಗೆ ಕೊಡಬಹುದು. ಅವರು ಪೆನ್ಸಿಲ್ಲಿನಲ್ಲಿ ವಸ್ತಿ, ಬಾವಿ, ಕಾಲುವೆಯ ಸೇತುವೆ, ಹಾಲಿನ ಡೇರಿ, ಅಂಗನವಾಡಿ ಗುರುತಿಸಿ ತಂದರೆ ಮೇಷ್ಟ್ರು ಸಂಜೆ ಕೂತು ಏರಿಸಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿಯ ನದಿತೀರದ ಊರುಗಳು ಮುಳುಗಿದ್ದನ್ನು ನೆನೆದರೆ, ಯಾವ ವಸ್ತಿಯಲ್ಲಿ ಮನೆಗಳಿವೆ ಎಂದು ನಕ್ಷೆಯಲ್ಲಿ ಇರುವುದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು ವಿಕಿಮೀಡಿಯ ಕಾಮನ್ಸ್, ಚಿತ್ರ ಮತ್ತು ಧ್ವನಿಗಳ ಉಗ್ರಾಣ. ಇಲ್ಲಿ ಹಾಕಿದ ಫೋಟೊವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಸಹ, ತೆಗೆದವರ ಹೆಸರು ಹೇಳಿ ಬಳಸಬಹುದು. ಇದನ್ನು ಮಕ್ಕಳಿಗೂ ಪಾಲಕರಿಗೂ ಮೊದಲೇ ಬಿಡಿಸಿ ಹೇಳಬೇಕು. ಗೆಳೆಯರ ಮುಖ, ಮನೆಯೊಳಗಿನ ಚಿತ್ರ ಬೇಡವೇ ಬೇಡ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಚಕ್ಕಡಿಗಳು, ಕಬ್ಬಿನ ಗಾಣ, ಆಲೆಮನೆಯ ಕೊಪ್ಪರಿಗೆ: ಇಂಥವು ಬೇಕಾದಷ್ಟಿವೆ.

ಇವೆಲ್ಲಕ್ಕಿಂತ ತುರ್ತಾದ ವಸ್ತು ನನ್ನ ಕಣ್ಣಿಗೆ ಕಾಣುವುದು ಚಪ್ಪಲಿ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿ, ಮದಭಾವಿಯ ಕೈಗಳು ತಲೆಮಾರುಗಳಿಂದ ಅದನ್ನು ಮಾಡುತ್ತಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿ ತೊಡಿಸಿ, ಮೂಲವನ್ನು ಹೇಳದೆ ಹೋದಾಗ ಗದ್ದಲವಾಯಿತು. ಆ ಗದ್ದಲದಲ್ಲೂ ಕೇಳಿಸಿದ್ದು ಹೆಚ್ಚಾಗಿ ಕೊಲ್ಲಾಪುರದ ಹೆಸರು. ಚರ್ಮ ಹದಮಾಡುವುದು, ಅಟ್ಟೆ ಕತ್ತರಿಸಿ ಜೋಡಿಸುವುದು, ಚರ್ಮದ ದಾರದಲ್ಲೇ ಹೊಲಿಯುವುದು, ಹೆಂಗಸರು ಜಡೆ ಹೆಣೆಯುವುದು: ಇದರ ಒಂದೊಂದು ಹಂತವನ್ನೂ ಅಥಣಿಯ ಹೈಸ್ಕೂಲು ಮಕ್ಕಳು ಕುಶಲಕರ್ಮಿಗಳ ಒಪ್ಪಿಗೆ ಪಡೆದು ಫೋಟೊ ತೆಗೆದು, ಕೆಳಗೆ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಕಾಮನ್ಸ್‌ಗೆ ಹಾಕಬಹುದು. ಇದಕ್ಕೆ ಅಚ್ಚಾದ ಆಧಾರದ ಕೊರತೆಯೂ ಇಲ್ಲ. ವಿಶ್ವಕೋಶದ ಲೇಖನಕ್ಕೆ ಆ ವರ್ಷದ ಪತ್ರಿಕೆಗಳ ಕಟ್ಟೇ ಸಾಕು.