ಗಾಜಿನ ಮನೆಯಲ್ಲಿ ಟೊಮೇಟೊ

ಗಾಜಿನ ಮನೆಯೆಂದೊಡನೆ ನಮ್ಮವರಲ್ಲಿ ಅನೇಕರಿಗೆ ನೆನಪಾಗುವುದು ಬೆಂಗಳೂರಿನ ಲಾಲ್‌ಬಾಗು. ೧೮೮೯ರಲ್ಲಿ ಅಸ್ತಿಭಾರವಾದ ಆ ಮಂದಿರವು ಫಲಪುಷ್ಪಪ್ರದರ್ಶನಗಳಿಗೆ ಪ್ರಸಿದ್ಧವಾದುದು. ಶೀತದೇಶಗಳಲ್ಲಾದರೋ ಗಾಜಿನ ಮನೆಯೇ ಬೇಸಾಯಗಾರನ ಹೊಲ. ಇಂಗ್ಲೆಂಡಿನ ಲೀ ನದಿಯ ಕಣಿವೆ, ಹಾಲೆಂಡಿನ ವೆಸ್ಟ್‌ಲಾಂಡ್ ಪ್ರಾಂತ ಇವೆರಡೂ ಇಂತಹ ಬೇಸಾಯಕ್ಕೆ ಹೆಸರಾದುವು. ಟೊಮೇಟೊ ಅಲ್ಲಿ ವಿಪುಲವಾಗಿ ಬೆಳೆದುಬಂದಿದೆ. ಈ ಗಿಡವನ್ನು ಬಯಲಿನಿಂದ ಮನೆಯೊಳಕ್ಕೆ ತಂದಾಗ ಬೆಳೆಗಾರನ ಮೇಲೆ ಬೀಳುವ ಹೊಣೆಗಳು ಯಾವುವೆಂಬುದನ್ನು ಈಗ ವಿಚಾರಮಾಡೋಣ.

ಗಾಜಿನ ಮನೆ ಬೆಚ್ಚಗಿರುವುದೇಕೆ? ಸೂರ್ಯನ ಬೆಳಕನ್ನು ಒಳಕ್ಕೆ ಬಿಟ್ಟು, ಒಳಗಿನ ಶಾಖಕಿರಣಗಳು ಹೊರಕ್ಕೆ ಹೋಗದಂತೆ ಗಾಜು ತಡೆಯುತ್ತದೆಂದು ಪುಸ್ತಕಗಳು ಹೇಳುವುದುಂಟು. ಇದು ಪೂರ್ಣಸತ್ಯವಲ್ಲ. ೧೯೦೯ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎಂಬಾತನು ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಗಾಜನ್ನೂ, ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟನು. ಎರಡಕ್ಕೂ ಬೀಳುವ ಬಿಸಿಲು ಮೊದಲು ಗಾಜಿನ ಮೂಲಕ ಹಾಯುವಂತೆ ಮಾಡಿದಾಗ, ಅವುಗಳ ಉಷ್ಣತೆಯಲ್ಲಿ ಕಂಡ ಭೇದ ಹೆಚ್ಚೆಂದರೆ ಒಂದು ಡಿಗ್ರಿ. ಬಿಸಿಯಾದ ಗಾಳಿ ಮೇಲೇರಿ ಹೊರಟುಹೋಗದಂತೆ ಮುಚ್ಚಿಟ್ಟಿರುವುದೇ ಬೆಚ್ಚಗಿರುವುದಕ್ಕೆ ಮುಖ್ಯ ಕಾರಣ. ಅಂದರೆ ಗಾಜಿನ ಮನೆಯ ಗುಣವಿರುವುದು ಸೆರೆಸಿಕ್ಕ ಗಾಳಿಯಲ್ಲಿ. ಅದರ ದೋಷಗಳಿಗೂ ಬಹುಮಟ್ಟಿಗೆ ಅದೇ ಮೂಲ.

ಟೊಮೇಟೊ ದಕ್ಷಿಣ ಅಮೆರಿಕದ ಮೂಲದ, ಬದನೆಯ ಬಳಗದ ಸಸ್ಯ. ಹಿಮಕ್ಕೆ ಸಿಕ್ಕಿದರೆ ಸಾಯುತ್ತದೆ. ಆದುದರಿಂದಲೇ ಶೀತದೇಶದವರು ಅದಕ್ಕೆ ಮನೆ ಕಟ್ಟಿದರು. ಆದರೆ ಅತಿಯಾದ ಸೆಕೆಯನ್ನೂ ಅದು ಸಹಿಸದು. ರಾತ್ರಿಯ ಉಷ್ಣತೆ ೧೫ರಿಂದ ೨೦ ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ; ಹಗಲಿನ ಸೆಕೆ ೩೫ ಡಿಗ್ರಿಯನ್ನು ಮೀರಿ ನಿಂತರೆ ಪರಾಗವು ಶಕ್ತಿಗುಂದಿ ಹೂಗಳು ಉದುರಿಹೋಗುತ್ತವೆ. ಗಾಳಿಯಲ್ಲಿ ತೇವ ತುಂಬಿದರೆ ಪರಾಗ ಅಂಟಿಕೊಳ್ಳುತ್ತದೆ, ಎಲೆಗಳಿಗೆ ಬೂಷ್ಟು ಹತ್ತುತ್ತದೆ. ಮಾಡಿನ ಕಿಟಕಿಗಳನ್ನು ಯಾವಾಗ, ಎಷ್ಟು ತೆರೆಯಬೇಕೆಂಬುದನ್ನು ಅರಿಯುವುದೇ ಈ ಬೇಸಾಯದ ಅರ್ಧ ವಿದ್ಯೆ.

ಇನ್ನು ಹೂವಿನ ಸಂಗತಿ. ಟೊಮೇಟೊ ಹೂವಿನಲ್ಲಿ ಕೇಸರಗಳು ಒಂದಕ್ಕೊಂದು ಕೂಡಿಕೊಂಡು, ಹಳದಿಯ ಸಣ್ಣ ಶಂಕುವಿನಂತೆ ಶಲಾಕೆಯನ್ನು ಸುತ್ತುವರಿದಿರುತ್ತವೆ. ಗಂಡುಹೆಣ್ಣುಗಳೆರಡೂ ಒಂದೇ ಹೂವಿನಲ್ಲಿರುವುದರಿಂದ ದೂರದ ಪರಾಗ ಬೇಕಿಲ್ಲ. ಆದರೆ ಹೂ ಅದುರಿದಲ್ಲದೆ ಪರಾಗ ಚೆನ್ನಾಗಿ ಉದುರದು. ಬಯಲಿನಲ್ಲಿ ಬೀಸುವ ಗಾಳಿ ಈ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತದೆ. ಗಾಜಿನ ಮನೆಯಲ್ಲಿ ಅದು ಬೀಸುವುದಿಲ್ಲ. ಹೂವಿನಲ್ಲಿ ಮಕರಂದವಿಲ್ಲವಾಗಿ ಜೇನುಹುಳುವೂ ಅದನ್ನು ಅಷ್ಟಾಗಿ ಲಕ್ಷಿಸದು. ಆದಕಾರಣ ಬೆಳೆಗಾರರು ಹೂಗೊಂಚಲುಗಳನ್ನು ಕೋಲಿನಿಂದ ತಟ್ಟಿ, ಮುಂದೆ ವಿದ್ಯುತ್ತಿನಿಂದ ಅದುರುವ ಸಲಕರಣೆಯನ್ನು ಮುಟ್ಟಿಸಿ, ಗಾಳಿಯ ಕೆಲಸವನ್ನು ತಾವೇ ಮಾಡುತ್ತಿದ್ದರು. ಈ ಕೆಲಸವನ್ನು ಬಲ್ಲ, ದಟ್ಟವಾದ ರೋಮದ ದುಂಬಿಯ ಜಾತಿಯೊಂದುಂಟು. ಅದು ಹೂವನ್ನು ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಝೇಂಕಾರದೊಡನೆ ಅದುರಿಸಿ, ಪರಾಗವನ್ನು ಉದುರಿಸಿಕೊಳ್ಳುತ್ತದೆ. ಬೆಲ್ಜಿಯಂ ದೇಶದ ಪಶುವೈದ್ಯ ರೋಲಾಂಡ್ ಡಿ ಯೋಂಗೆ ಎಂಬವನು ೧೯೮೭ರಲ್ಲಿ ಈ ದುಂಬಿಗಳನ್ನು ಸಾಕಿ ಬೆಳೆಗಾರರಿಗೆ ಒದಗಿಸುವ ಉದ್ಯಮವನ್ನು ಆರಂಭಿಸಿದನು. ಅಂದಿನಿಂದ ಯೂರೋಪಿನಲ್ಲಿ ಈ ಕೈಕೆಲಸ ಬಹುಮಟ್ಟಿಗೆ ತಪ್ಪಿತು.

ಹೊರಗೆ ಉಳಿಯುವುದು ಗಾಳಿ ದುಂಬಿಗಳು ಮಾತ್ರವಲ್ಲ. ಹಾನಿಕಾರಕವಾದ ಕೀಟಗಳನ್ನು ಕೊಲ್ಲುವ ಕೀಟಗಳೂ ಹೊರಗುಳಿಯುತ್ತವೆ. ಬಿಳಿನೊಣವೊಮ್ಮೆ ಒಳಹೊಕ್ಕರೆ ತಡೆಯಿಲ್ಲದೆ ಹೆಚ್ಚುತ್ತದೆ. ೧೯೨೬ರಲ್ಲಿ ಇಂಗ್ಲೆಂಡಿನ ಟೊಮೇಟೊ ಬೆಳೆಗಾರನೊಬ್ಬನು ಬಿಳಿನೊಣದ ಮರಿಗಳಲ್ಲಿ ಕೆಲವು ಕಪ್ಪಾಗಿರುವುದನ್ನು ಕಂಡು ತಜ್ಞರಿಗೆ ತಿಳಿಸಿದನು. ಎನ್ಕಾರ್ಸಿಯ ಎಂಬ ಅತಿಸಣ್ಣ ಕಣಜದ ಹುಳು ಅವುಗಳೊಳಗೆ ಮೊಟ್ಟೆಯಿಟ್ಟಿತ್ತು. ಲೀ ಕಣಿವೆಯ ಚೆಸ್‌ಹಂಟ್ ಸಂಶೋಧನಾಲಯವು ಅದನ್ನು ಸಾಕಿ ಹಂಚಿತು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಮೊದಲಾದ ವಿಷಗಳು ಬಂದಾಗ ಜನ ಅದನ್ನು ಮರೆತರು. ಕೀಟಗಳು ಆ ವಿಷಗಳಿಗೆ ಬಗ್ಗದಾದಾಗ ಮರಳಿ ಅದನ್ನೇ ಕರೆದರು.

ನಮ್ಮ ನಾಡಿನ ಸಮಸ್ಯೆಯೇ ಬೇರೆ. ಕೋಲಾರದ ಬಯಲಿನಲ್ಲಿ ಟೊಮೇಟೊ ಹೇರಳವಾಗಿ ಬೆಳೆಯುತ್ತಿರಲು, ಬಿಸಿಯನ್ನು ಹಿಡಿದಿಡುವ ಮನೆ ನಮಗೇಕೆ? ಇಲ್ಲಿ ಪಾಲಿಥೀನಿನ ಮನೆ, ಬಲೆಯ ಮನೆಗಳನ್ನು ಕಟ್ಟುವುದು ಹೆಚ್ಚಾಗಿ ಮಳೆಯನ್ನೂ, ಎಲೆಮುದುಡು ರೋಗವನ್ನು ತರುವ ಬಿಳಿನೊಣವನ್ನೂ ತಡೆಯಲೆಂದು. ಆದರೆ ಆ ನೊಣ ನುಸುಳದ ಬಲೆಯಲ್ಲಿ ದುಂಬಿಯೂ ನುಸುಳದು, ಗಾಳಿಯೂ ಸರಾಗವಾಗಿ ಆಡದು. ಹೂ ಉದುರುವುದನ್ನು ಕಂಡು ಕೆಲವರು ಗೊಬ್ಬರವನ್ನು ಹೆಚ್ಚಿಸುವರು. ಸಾರಜನಕ ಮಿತಿಮೀರಿದರೆ ಎಲೆ ಸೊಂಪಾದೀತೇ ಹೊರತು ಕಾಯಿ ಹೆಚ್ಚದು. ಮಹಡಿಯ ಮೇಲೆ ನಾಲ್ಕು ಗಿಡಗಳಿಗೆ ಮರೆಕಟ್ಟಿ ಬೆಳೆಸುವವರು ಮೊದಲು ಉಷ್ಣಮಾಪಕವನ್ನು ನೋಡಲಿ. ಗಾಳಿಗೆ ದಾರಿ ಬಿಡಲಿ. ಇಬ್ಬನಿ ಆರಿದ ಮೇಲೆ ಹೂಗೊಂಚಲುಗಳನ್ನು ಬೆರಳಿನಿಂದ ಮೆಲ್ಲನೆ ತಟ್ಟಲಿ. ಬಾಗಿಲು ಮುಚ್ಚಿದವನು ಹೊರಗುಳಿದವರ ಕೆಲಸವನ್ನೂ ತಾನೇ ಮಾಡಬೇಕಷ್ಟೆ.