ಬಾಯಾರಿದ ಪದ್ಮಿನಿ

ಹಿರಿಯೂರಿಗೆ ಇನ್ನೂ ಎಂಟು ಕಿಲೋಮೀಟರ್ ಇರುವಾಗಲೇ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಎಡಕ್ಕೆ ತಂದು ನಿಲ್ಲಿಸಿದೆ. ಹಿಂದಿದ್ದ ಐದು ಕಾರುಗಳೂ ಒಂದರ ಬೆನ್ನಿಗೊಂದು ಬಂದು ನಿಂತವು. ಹೆದ್ದಾರಿಯಲ್ಲಿ ನೂರರ ಮೇಲೆ ಹಾರುತ್ತಿದ್ದ ಗಾಡಿಗಳವರು ನಮ್ಮನ್ನು ಕಂಡು ಹಾರ್ನ್ ಹೊಡೆದರು, ಕೈ ಬೀಸಿದರು, ಒಬ್ಬಾತ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಫೋಟೊ ತೆಗೆದುಕೊಂಡ. ನೀರು ಬೇಕೇ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಕೇಳಿದವರು ರಸ್ತೆಯಾಚೆಯ ದಾಳಿಂಬೆ ತೋಟದ ಯಜಮಾನರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಸಿರು ಪ್ಲಾಸ್ಟಿಕ್ ಕೊಡ. ನಾನು ಆತುರಪಟ್ಟು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ದೂರದಿಂದಲೇ ಗದರಿದರು: "ಮುಚ್ಳ ಬಿಚ್‌ಬ್ಯಾಡ್ರೀ ಸಾರ್! ಮಕಕ್ಕೆ ಹೊಡಿತೈತೆ. ಒಂದತ್ತು ನಿಮಿಷ ಸುಮ್ಕೆ ಕುಂತ್ಕಳ್ರಿ." ಕುಂತೆವು. ಆಮೇಲೆ ಅವರೇ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲಿಟ್ಟು, ಕಾಲು ಸುತ್ತು ತಿರುವಿ, ಬುಸ್ಸೆಂದು ಹಬೆ ಹೋಗುವವರೆಗೆ ಮುಖ ಆಚೆ ತಿರುಗಿಸಿಕೊಂಡು, ಕೊನೆಗೆ ಪೂರ್ತಿ ಬಿಚ್ಚಿದರು. ಎಂಜಿನ್ ಸ್ಟಾರ್ಟ್ ಮಾಡಿಸಿ, ಕೂಸಿಗೆ ಒಳಲೆಯಲ್ಲಿ ಹಾಲು ಕುಡಿಸಿದ ಹಾಗೆ ಸಣ್ಣಗೆ, ತಡೆತಡೆದು ನೀರು ಹಾಕಿದರು. "ನಮ್ ಮಾವ್ನೋರ್ ತಾವ ಇತ್ತು ಇದು. ನನ್ ಮದ್ವೆ ಮೆರವಣಿಗೆ ಇದ್ರಾಗೇ ಆಗಿದ್ದು." ನೀರಿಗೇನು ಕೊಡಲಿ ಎಂದೆ. ನಕ್ಕರು. "ಎಂಟ್ನೂರಡಿಯಿಂದ ಮ್ಯಾಕೆ ಬಂದಿರೋ ನೀರು ಸಾರ್. ಅದಕ್ಕೆ ಬೆಲೆ ಕಟ್ಟಾಕಾಗಲ್ಲ ಬಿಡ್ರಿ."

ಮುಂದಿನ ಎರಡು ದಿನ ನಮಗೆ ದಾರಿ ತೋರಿಸಿದ್ದು ಈ ಕಾರಿನ ಬಾಯಾರಿಕೆಯೇ. ಏನೇನು ತೋರಿಸಿಬಿಟ್ಟಿತು ಅಂತೀರಿ!

ನಾವು ಹೊರಟಿದ್ದು ಹುಟ್ಟುಹಬ್ಬಕ್ಕೆ. ಕಾರಿನ ಹುಟ್ಟುಹಬ್ಬಕ್ಕೆ! ಮನೆಯಲ್ಲಿ ಎಲ್ಲರೂ ನಕ್ಕಾಗಿದೆ, ನೀವೂ ನಕ್ಕುಬಿಡಿ. ಯುರೋಪಿನಲ್ಲಿ ಇದು ನಗುವ ವಿಷಯವೇ ಅಲ್ಲ. ಇಟಲಿಯ ಲಿಗೂರಿಯಾ ಸೀಮೆಯಲ್ಲಿ ಗಾರ್ಲೆಂಡಾ ಎಂಬ ಪುಟ್ಟ ಊರಿದೆ. ಫಿಯೆಟ್ 500 ಎಂಬ ಬೆಂಕಿಪೊಟ್ಟಣದಂಥ ಕಾರನ್ನು ಇಟ್ಟುಕೊಂಡವರ ಸಂಘ ಅಲ್ಲಿ 1984ರಲ್ಲಿ ಹುಟ್ಟಿತು. ಜುಲೈ ಬಂತೆಂದರೆ ಗಡಿ ದಾಟಿ, ಆಲ್ಪ್ಸ್ ದಾಟಿ ನೂರಾರು ಪುಟಾಣಿ ಕಾರುಗಳು ಆ ಊರಿಗೆ ಜಾತ್ರೆಗೆ ಬಂದಂತೆ ಬರುತ್ತವೆ. ಮೂರು ಮೀಟರ್ ಉದ್ದವೂ ಇಲ್ಲದ ಕಾರು, ಆರಂಭದಲ್ಲಿ ಅದರ ಎಂಜಿನ್ 479 ಸಿಸಿ. ನಮ್ಮೂರಿನ ಹುಡುಗರ ಬುಲೆಟ್ಟಿಗಿಂತ ಎಷ್ಟು ತಾನೆ ದೊಡ್ಡದು? ಅದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ತಲೆಯ ಮೇಲೆ ಕಟ್ಟಿದ ಸೂಟ್‌ಕೇಸು! ಆ ಕಾರು ಲೋಕಕ್ಕೆ ಮುಖ ತೋರಿಸಿದ್ದು 1957ರ ಜುಲೈ 4ರಂದು. ಸರಿಯಾಗಿ ಐವತ್ತು ವರ್ಷಕ್ಕೆ, 2007ರ ಜುಲೈ 4ರಂದು, ಟೂರಿನ್ ನಗರದಲ್ಲಿ ಕಂಪನಿ ಹೊಸ 500 ಅನ್ನು ಬಿಡುಗಡೆ ಮಾಡಿತು. ಐವತ್ತರ ನೆನಪಿಗೆ ಮಗುವೇ ಹುಟ್ಟಿಬಂದ ಹಾಗೆ.

ಇದನ್ನೆಲ್ಲ ಓದುತ್ತ ಕೂತಿದ್ದಾಗ ನನಗೊಂದು ಹೆಸರು ಸಿಕ್ಕಿತು. ದಾಂತೆ ಜಾಕೋಸಾ. ಈ 500ರ ಶಿಲ್ಪಿ. ಯಾರಪ್ಪಾ ಈತ ಎಂದು ಹುಡುಕುತ್ತ ಹೋದರೆ, 1953ರಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಫಿಯೆಟ್ 1100 ಕೂಡ ಆತನದೇ ಕೈಕೆಲಸ! ಆ 1100ರ ಮನೆತನದಿಂದಲೇ ಮುಂಬಯಿಯ ಕುರ್ಲಾಕ್ಕೆ ಬಂದು, 'ಡಿಲೈಟ್' ಆಗಿ, 'ಪ್ರೆಸಿಡೆಂಟ್' ಆಗಿ, 1974ರಲ್ಲಿ 'ಪ್ರೀಮಿಯರ್ ಪದ್ಮಿನಿ' ಎಂದು ನಾಮಕರಣಗೊಂಡದ್ದು ನಮ್ಮ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಕಾರು. ಗಾರ್ಲೆಂಡಾಕ್ಕೆ ಹೋಗುವ ಆ ಪುಟಾಣಿಯೂ ನಮ್ಮ ಪದ್ಮಿನಿಯೂ ಅಕ್ಕ ತಂಗಿಯರು! ತಂಗಿಯದು ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ಅವಳಿಗೆ ನೀರೇ ಬೇಡ. ಅಕ್ಕನಿಗೆ ಮಾತ್ರ ನೀರಿಲ್ಲದೆ ಒಂದು ಗಳಿಗೆಯೂ ಆಗದು.

ಪದ್ಮಿನಿಗೆ ಐವತ್ತು ತುಂಬಿತಲ್ಲ, ನಾವೂ ಎಲ್ಲಾದರೂ ಸೇರೋಣ ಎಂದುಕೊಂಡೆವು. ನಾಲ್ಕು ಪದ್ಮಿನಿ, ಒಂದು ಡಿಲೈಟ್, ಬೀಗರ ಲೆಕ್ಕದಲ್ಲಿ ಒಂದು ಅಂಬಾಸಿಡರ್. ಪದ್ಮಿನಿ ಚಿತ್ತೋರಿನ ರಾಣಿಯ ಹೆಸರು ತಾನೇ? "ಚಿತ್ತೋರು ದೂರ ಆಯ್ತು ಮಾರಾಯಾ, ಕೋಟೆಯೇ ಬೇಕು ಅಂದ್ರೆ ಚಿತ್ರದುರ್ಗ ಇಲ್ವಾ" ಎಂದ ಗೆಳೆಯನೊಬ್ಬ. 2025ರ ಫೆಬ್ರವರಿಯ ಒಂದು ಶನಿವಾರ ಬೆಂಗಳೂರು ಬಿಟ್ಟೆವು.

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಮಾರಿಕಣಿವೆಯ ದಾರಿ ಹಿಡಿದದ್ದು ಎಂಜಿನ್‌ಗೆ ಸ್ವಲ್ಪ ಉಸಿರು ಸಿಗಲೆಂದು. ಸಿಕ್ಕಿದ್ದು ನೋಡಿ! ಎರಡು ಗುಡ್ಡಗಳ ನಡುವೆ ವಾಣಿ ವಿಲಾಸ ಸಾಗರ, ಕಣ್ಣು ಹಾಯುವಷ್ಟೂ ನೀರು. ಒಂದು ತಿಂಗಳ ಕೆಳಗಷ್ಟೇ 130 ಅಡಿ ತುಂಬಿ ಕೋಡಿ ಬಿದ್ದಿತ್ತು. ಕೋಡಿ ಬೀಳುವುದೆಂದರೆ ಇಲ್ಲಿ ಏನೆಂಬುದನ್ನು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. 1933ರಲ್ಲಿ ಒಮ್ಮೆ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಜ್ಜ ನೋಡಿದ್ದನ್ನು ಮೊಮ್ಮಗನೂ ನೋಡಲಾಗಲಿಲ್ಲ, ಮರಿಮಗ ನೋಡಿದ. ಆಗ ಜನ ಕಾರು, ಟ್ರಾಕ್ಟರು, ಟೆಂಪೊ ಏನು ಸಿಕ್ಕಿತೋ ಅದನ್ನು ಹತ್ತಿ ಬಂದರು. ಗಾರ್ಲೆಂಡಾದ ಜಾತ್ರೆಗೆ ಹೋಲಿಸಬಹುದಾದ ಜಾತ್ರೆ ನಮ್ಮಲ್ಲಿ ಯಾವುದೆಂದರೆ ಅದೇ, ನನ್ನ ಮಟ್ಟಿಗೆ.

ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಕೂಡಿ ವೇದಾವತಿಯಾಗಿ ಇಲ್ಲಿಗೆ ಬರುತ್ತಾಳೆ. ಮೈಸೂರು ಸಂಸ್ಥಾನ 1898ರಲ್ಲಿ ಅಡ್ಡಗಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿತು. ಅದೇ 1907ರಲ್ಲಿ, ಜೂನ್ 10ರಂದು, ಪೀಕಿಂಗಿನಿಂದ ಪ್ಯಾರಿಸ್ಸಿಗೆ ಐದು ಮೋಟಾರು ವಾಹನಗಳು ಹೊರಟಿದ್ದವು. ಎರಡು ತಿಂಗಳ ಮೇಲೆ ಮೊದಲು ತಲುಪಿದ್ದು ಬೋರ್ಗೇಸೆ ಎಂಬ ರಾಜಕುಮಾರನ 'ಇಟಾಲಾ', ಟೂರಿನ್ನಿನಲ್ಲೇ ತಯಾರಾದ ಕಾರು. ಅಲ್ಲಿ ನೀರಿಲ್ಲದ ಗೋಬಿ ಮರುಭೂಮಿಯಲ್ಲಿ ಕಾರುಗಳು ಹೆಣಗುತ್ತಿದ್ದ ವರ್ಷವೇ ಇಲ್ಲಿ ಈ ಬರಸೀಮೆ ನೀರು ತುಂಬಿಕೊಳ್ಳಲು ಅಣಿಯಾಗುತ್ತಿತ್ತು! ಒಂದಕ್ಕೊಂದು ಏನೂ ಸಂಬಂಧವಿಲ್ಲ, ಗೊತ್ತು. ಆದರೂ ಏರಿಯ ಬಳಿ ನಿಂತವನಿಗೆ ಮೈ ಜುಮ್ಮೆಂದಿತು. ಕಣಿವೆ ಮಾರಮ್ಮನ ಮುಂದೆ ಆರೂ ಕಾರಿನ ಗಾಲಿಗೆ ನಿಂಬೆಹಣ್ಣು ಇಟ್ಟು ಹೊರಟೆವು. ಅಂಬಾಸಿಡರ್‌ನವನು ಎರಡೆರಡು ಇಟ್ಟ.

ಹೊಸದುರ್ಗದವರೆಗೆ ತೆಂಗು, ದಾಳಿಂಬೆ, ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು. ಆ ತಾಲ್ಲೂಕಿನ ಸಾಣೇಹಳ್ಳಿಯಿಂದ 'ಶಿವಸಂಚಾರ' ನಾಟಕ ತಂಡ 1997ರಿಂದಲೂ ಹೀಗೆಯೇ ಗಾಡಿ ಕಟ್ಟಿಕೊಂಡು ನಾಡು ಸುತ್ತುತ್ತಿದೆ. ನಮ್ಮದು ಎರಡು ದಿನದ ಶೋಕಿ; ಅವರದು ವರ್ಷ ವರ್ಷದ ವ್ರತ. ಇಳಿದು ನೋಡಬೇಕಿತ್ತು, ಹೊತ್ತಾಗಿತ್ತು.

ಹೊಳಲ್ಕೆರೆಯಲ್ಲಿ ಡಿಲೈಟ್ ಕೈಕೊಟ್ಟಿತು. ಉಸಿರು ಸಿಕ್ಕಿಕೊಂಡವರಂತೆ ಎರಡು ಸಲ ಗಕ್ ಗಕ್ ಎಂದು ನಿಂತೇಹೋಯಿತು. ಹಳೆ ಫಿಯೆಟ್ ಓಡಿಸಿದವರಿಗೆ ಈ ರೋಗ ಗೊತ್ತು, ವೇಪರ್ ಲಾಕ್. ಪೆಟ್ರೋಲ್ ಪಂಪು ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ಬಿಸಿಲೂ ಎಂಜಿನ್ನಿನ ಕಾವೂ ಸೇರಿದರೆ ಒಳಗಿನ ಪೆಟ್ರೋಲೇ ಆವಿಯಾಗುತ್ತದೆ, ಪಂಪು ಬರೀ ಆವಿ ಎಳೆಯುತ್ತದೆ. ಔಷಧ ಒಂದೇ: ಒದ್ದೆ ಬಟ್ಟೆ. ಅಡಿಕೆ ಮೂಟೆ ಇಳಿಸುತ್ತಿದ್ದ ಅಂಗಡಿಯವರಿಂದ ಒಂದು ಚೊಂಬು ನೀರು ಇಸಿದುಕೊಂಡು, ಗೆಳೆಯ ತನ್ನ ಕರವಸ್ತ್ರವನ್ನೇ ಅದ್ದಿ ಪಂಪಿನ ಸುತ್ತ ಸುತ್ತಿದ. ಜ್ವರ ಬಂದ ಹಣೆಗೆ ಪಟ್ಟಿ ಹಾಕಿದ ಹಾಗೆ! ಬಟ್ಟೆಯಿಂದ ಮೊದಲು ಸಣ್ಣಗೆ ಹಬೆಯಾಡಿತು, ಆಮೇಲೆ ತೊಟ್ಟಿಕ್ಕತೊಡಗಿತು. ಅದು ತಣ್ಣಗಾಗುವಷ್ಟರಲ್ಲಿ ನಾವು ಬಯಲು ಗಣಪತಿಯನ್ನು ಕಂಡು ಬಂದೆವು. ಎತ್ತರದ ಕಲ್ಲಿನ ಗಣಪ, ತಲೆಯ ಮೇಲೆ ಗರ್ಭಗುಡಿಯೂ ಇಲ್ಲ, ಸೂರೂ ಇಲ್ಲ. ಮಳೆಯೋ ಬಿಸಿಲೋ ಬಂದದ್ದು ಬರಲಿ ಎಂದು ಕೂತಿದ್ದಾನೆ. ಅವನೆದುರು ನಮ್ಮ ಟಾರ್ಪಾಲಿನ ಚಿಂತೆ ಹೇಳಿಕೊಳ್ಳಲು ನಾಚಿಕೆಯಾಯಿತು. ಹಿಂದಿರುಗಿದರೆ ಡಿಲೈಟ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು.

ದುರ್ಗ ಸೇರಿದಾಗ ಸಂಜೆ ನಾಲ್ಕು. ಕೋಟೆ ಬಾಗಿಲ ಬಳಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಏಳು ಸುತ್ತಿನ ಕೋಟೆ ಹತ್ತಿದೆವು. ನಾನು ಈ ಕೋಟೆಯನ್ನು ಎಷ್ಟು ಸಲ ಹತ್ತಿಲ್ಲ! ಓಬವ್ವನ ಕಿಂಡಿ, ಮದ್ದು ಬೀಸುವ ಕಲ್ಲು, ಉಯ್ಯಾಲೆ ಕಂಬ, 'ನಾಗರಹಾವು' ಸಿನಿಮಾದ ಬಂಡೆಗಳು, ಎಲ್ಲ ಬಾಯಿಪಾಠ. ಆದರೆ ಬೆಳಗಿನಿಂದ ನೀರು, ನೀರು ಎಂದು ಅಲೆದ ಕಣ್ಣಿಗೆ ಈ ಸಲ ಕಂಡದ್ದು ಬೇರೆಯೇ ಕೋಟೆ. ಬಂಡೆಯ ಮೇಲೆ ಬಿದ್ದ ಮಳೆ ಇಳಿದು ಗೋಪಾಲಸ್ವಾಮಿ ಹೊಂಡಕ್ಕೆ. ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ. ಕೊನೆಗೆ ಊರ ನಡುವಿನ ಸಂತೆ ಹೊಂಡಕ್ಕೆ! ಪಂಪಿಲ್ಲ, ಬೆಲ್ಟಿಲ್ಲ, ಹೋಸ್ ಪೈಪಿಲ್ಲ. ಕೆಂಡದಂಥ ಕಲ್ಲುಬೆಟ್ಟವನ್ನು ಒಂದು ಹನಿ ಪೋಲಾಗದಂತೆ ತಣ್ಣಗಿಟ್ಟ ಏರ್ಪಾಟು. ಹೈದರಾಲಿ 1779ರಲ್ಲಿ ಮದಕರಿ ನಾಯಕನಿಂದ ಗೆದ್ದುಕೊಂಡ ಕೋಟೆಯಲ್ಲಿ ಫಿರಂಗಿಗಳ ಕಾಲ ಮುಗಿಯಿತು, ಪಾಳೆಯಗಾರರ ಕಾಲ ಮುಗಿಯಿತು, ಹೊಂಡಗಳಿಗೆ ಈಗಲೂ ನೀರು ಬರುತ್ತದೆ. ಅಕ್ಕ ತಂಗಿ ಹೊಂಡದ ಮೆಟ್ಟಿಲ ಮೇಲೆ ಕೂತು, ಕೆಳಗೆ ನಿಂತ ಅಕ್ಕನನ್ನೂ ಇಟಲಿಯ ತಂಗಿಯನ್ನೂ ನೆನೆದು ಒಬ್ಬನೇ ನಕ್ಕೆ. ಕತ್ತಲಾದ ಮೇಲೆ ಹುಟ್ಟುಹಬ್ಬ. ಕೇಕಿನ ಬದಲು ಒಗ್ಗರಣೆ ಮಂಡಕ್ಕಿ, ಬಿಸಿ ಬಿಸಿ ಮೆಣಸಿನಕಾಯಿ.

ಮರುದಿನ ಬೆಳಗಿನದನ್ನು ಹೇಗೆ ಹೇಳಲಿ? ಊರಿನ ಪಶ್ಚಿಮಕ್ಕೆ ಬೆಟ್ಟಗಳ ಮಡಿಲಲ್ಲಿ ಚಂದ್ರವಳ್ಳಿ. ಕೆರೆ, ಗುಹೆ, ತೋಟ. ಹೊರಡುವ ಮೊದಲು ಕೆರೆ ದಂಡೆಯಲ್ಲಿ ಕಾರುಗಳ ಒಂದು ಫೋಟೊ ಆಗಲಿ ಎಂದು ಹೋದದ್ದು, ಅಷ್ಟೇ. ಭೈರವೇಶ್ವರ ಗುಡಿಯ ಹತ್ತಿರ ಒಂದು ಬಂಡೆ. ಅದರ ಮೇಲೆ ಮೂರೇ ಸಾಲು, ಪ್ರಾಕೃತದಲ್ಲಿ. ಕದಂಬರ ಮಯೂರಶರ್ಮನದು, ನಾಲ್ಕನೆಯ ಶತಮಾನದ್ದು. ಕನ್ನಡ ನಾಡಿನ ಮೊದಲ ಅರಸುಮನೆಯ ಮೂಲಪುರುಷ ಬಂಡೆಯ ಮೇಲೆ ಏನು ಕೆತ್ತಿಸಿದ ಗೊತ್ತೇ? ಕೆರೆ ಕಟ್ಟಿಸಿದೆ ಎಂದು!

ಅಲ್ಲಿಗೇ ಮುಗಿಯಲಿಲ್ಲ. ಇದೇ ಕಣಿವೆಯನ್ನು 1929ರಲ್ಲಿ ಮೈಸೂರಿನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದರು. ಶಾತವಾಹನರ ಸೀಸದ ನಾಣ್ಯಗಳ ಸೀಮೆಯಿದು. ಈ ಮಣ್ಣಿನಲ್ಲಿ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಅಗಸ್ಟಸ್ ಚಕ್ರವರ್ತಿಯವು, ತಿಬೇರಿಯಸ್‌ನವು. ಎರಡು ಸಾವಿರ ವರ್ಷದ ಹಿಂದೆ ಕಡಲು ದಾಟಿ, ಘಟ್ಟ ಹತ್ತಿ, ಯಾವ ವರ್ತಕನ ಸೊಂಟದ ಚೀಲದಲ್ಲಿ ಬಂದವೋ! ಅಗಸ್ಟಸ್ ಎಂಬ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ತಲೆ ಕೆರೆದುಕೊಂಡೆ. ಆಮೇಲೆ ಹೊಳೆದದ್ದೇ ತಡ, ಕೆರೆ ಏರಿಯ ಮೇಲೆ ನಿಂತು ಕೂಗಿಬಿಟ್ಟೆ. ಟೂರಿನ್! ರೋಮನ್ನರ ಕಾಲದಲ್ಲಿ ಆ ಊರಿನ ಹೆಸರು ಅಗಸ್ಟಾ ಟೌರಿನೋರಮ್. ಅದೇ ಚಕ್ರವರ್ತಿಯ ಹೆಸರನ್ನು ಹೊತ್ತ ಊರು. ಜಾಕೋಸಾ ಕೂತು ಫಿಯೆಟ್ 1100ರ ಗೆರೆ ಎಳೆದ ಊರು. ನಮ್ಮ ಪದ್ಮಿನಿಯ ತವರು! ಯುರೋಪು ಸುತ್ತಿ ಜಾತ್ರೆ ಸೇರುವವರನ್ನು ಕಂಡು ಕರುಬಿದವನು ನಾನು. ಆ ತವರಿಗೆ ಹೆಸರು ಕೊಟ್ಟವನ ನಾಣ್ಯ ನನಗಿಂತ ಮೊದಲೇ ಇಲ್ಲಿಗೆ ಬಂದು ಮಲಗಿತ್ತು.

"ಏನಾಯ್ತೋ ನಿಂಗೆ?" ಎಂದ ಅಂಬಾಸಿಡರ್‌ನವನು. ಹೇಳಿದೆ. ಅವನು ಸ್ವಲ್ಪ ಹೊತ್ತು ಬಂಡೆಯನ್ನೂ ಕಾರನ್ನೂ ನೋಡಿ, "ಸರಿ, ನೀರು ನೋಡಿದ್ಯಾ?" ಎಂದ.

ಎಂಜಿನ್ ರಾತ್ರಿಯೆಲ್ಲ ನಿಂತು, ಬೆಳಗಿನ ಎರಡು ಕಿಲೋಮೀಟರಿಗೆ ಇನ್ನೂ ಕಾದಿರಲಿಲ್ಲ. ಬಾನೆಟ್ ಎತ್ತಿ, ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಕಾಲು ಸುತ್ತು ತಿರುವಿದೆ. ಬುಸ್ಸೆನ್ನಲಿಲ್ಲ. ಮುಚ್ಚಳ ತೆಗೆದು ಇಣುಕಿದೆ. ಹಿರಿಯೂರಿನ ತೋಟದವರು ಹಾಕಿದ ನೀರು ಅಂಚಿಗೆ ಎರಡು ಬೆರಳಷ್ಟು ಕೆಳಗೆ, ಅಲುಗಾಡದೆ ನಿಂತಿತ್ತು.