ರೆಕಾರ್ಡಿಂಗ್ ನಡುವೆ ‘ಟಿಕ್ ಟಿಕ್’ ಸದ್ದು ಯಾಕೆ? ಪಾಡ್‌ಕಾಸ್ಟ್‌ನ ಬರಹ ರೂಪ
 

ಇವತ್ತಿನ ಪ್ರಶ್ನೆ ಶ್ರವಣಬೆಳಗೊಳದಿಂದ ಬಂದಿದೆ. ಊರಿನ ಹಿರಿಯ ಹೆಣ್ಣುಮಕ್ಕಳು ಹಾಡುವ ಜಿನಭಜನೆಗಳನ್ನು ರೆಕಾರ್ಡ್ ಮಾಡಿಡೋಕೆ ಕೇಳುಗರೊಬ್ಬರು ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದಾರೆ. ಎಂಟು ಮೈಕ್ ಹಿಡಿಯುವ ಇಂಟರ್‌ಫೇಸ್ ಸಾಲದೆ, ಇನ್ನೊಂದು ಎಂಟು ಮೈಕಿನ ಪ್ರೀಆಂಪ್ ತಂದು, ಆಪ್ಟಿಕಲ್ ಕೇಬಲ್‌ನಲ್ಲಿ ಜೋಡಿಸಿದ್ದಾರೆ. ಧ್ವನಿ ಬರ್ತಿದೆ. ಆದ್ರೆ ನಡುನಡುವೆ ‘ಟಿಕ್, ಟಿಕ್’. ಕೇಬಲ್ ಬದಲಿಸಿದರೂ ಹೋಗಿಲ್ಲ.

ಇಂಥ ಕಡೆ ನಾನು ಮೊದಲು ಅನುಮಾನಪಡೋದು ಗಡಿಯಾರವನ್ನ.

ಮನೆಗೆ ಮೌಲ್ಡ್ ಹಾಕೋ ದಿನ ನೆನಪಿಸಿಕೊಳ್ಳಿ. ಸಾಲಾಗಿ ನಿಂತವರು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸ್ತಾರೆ. ಎಲ್ಲರ ವೇಗ ಒಂದೇ ಆಗಿದ್ದರೆ ಕೆಲಸ ಸಲೀಸು. ಕೊಡೋನು ಸ್ವಲ್ಪ ಬೇಗ, ತಗೊಳ್ಳೋನು ಸ್ವಲ್ಪ ನಿಧಾನ ಆದ್ರೆ ಒಂದು ಬಾಂಡ್ಲಿ ಕೆಳಗೆ ಬೀಳುತ್ತೆ. ಡಿಜಿಟಲ್ ಧ್ವನಿಯೂ ಹೀಗೇ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳು, ಅಂದ್ರೆ 48,000 ಬಾಂಡ್ಲಿಗಳು, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಬೇಕು. ಪ್ರತಿ ಪೆಟ್ಟಿಗೆಯೊಳಗೂ ಅದರದ್ದೇ ಗಡಿಯಾರ ಇರುತ್ತೆ. ಎರಡರ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ ಸಾಕು, ಹೆಚ್ಚುಕಡಿಮೆ ಸೆಕೆಂಡಿಗೊಂದು ಸ್ಯಾಂಪಲ್ ತಪ್ಪುತ್ತೆ. ಆ ತಪ್ಪಿದ ಜಾಗವೇ ನಿಮಗೆ ಕೇಳೋ ‘ಟಿಕ್’.

ಪರಿಹಾರ ಏನು? ತಾಳ ಒಬ್ಬರೇ ಹಾಕಬೇಕು, ಉಳಿದವರು ಅನುಸರಿಸಬೇಕು. ಪ್ರೀಆಂಪ್‌ನಿಂದ ಇಂಟರ್‌ಫೇಸ್‌ಗೆ ಒಂದೇ ಕೇಬಲ್ ಹೋಗಿದ್ದರೆ, ಪ್ರೀಆಂಪ್‌ನ ಕ್ಲಾಕ್ ‘ಇಂಟರ್ನಲ್’ ಅಂತಿರಲಿ. ಇಂಟರ್‌ಫೇಸ್‌ನ ಸೆಟ್ಟಿಂಗ್‌ನಲ್ಲಿ ಕ್ಲಾಕ್ ಸೋರ್ಸ್ ‘ಎಡಾಟ್’ ಅಥವಾ ‘ಆಪ್ಟಿಕಲ್’ ಆಯ್ಕೆ ಮಾಡಿ. ಇಂಟರ್‌ಫೇಸೇ ಯಜಮಾನ ಆಗಬೇಕು ಅಂದ್ರೆ ಅದರ ಗಡಿಯಾರ ಪ್ರೀಆಂಪ್‌ಗೆ ತಲುಪಬೇಕು. ಅದಕ್ಕೆ ಎದುರು ದಿಕ್ಕಿನಲ್ಲಿ ಇನ್ನೊಂದು ಆಪ್ಟಿಕಲ್ ಕೇಬಲ್ ಅಥವಾ ವರ್ಡ್ ಕ್ಲಾಕ್‌ನ ಬಿಎನ್‌ಸಿ ಕೇಬಲ್ ಬೇಕು. ಎರಡೂ ‘ಇಂಟರ್ನಲ್’ ಅಂತಿದ್ದರೆ ಟಿಕ್ ತಪ್ಪಿದ್ದಲ್ಲ.

ಸ್ಯಾಂಪಲ್ ರೇಟ್ ಕೂಡ ಎಲ್ಲ ಕಡೆ ಒಂದೇ ಇರಲಿ. 44.1 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆದ ಒಂದು ಗಂಟೆಯ ಭಜನೆಯನ್ನು 48 ಅಂತ ತಿಳಿದು ನುಡಿಸಿದರೆ ಅದು ಸುಮಾರು 55 ನಿಮಿಷಕ್ಕೇ ಮುಗಿಯುತ್ತೆ. ಶ್ರುತಿಯೂ ಹಾರ್ಮೋನಿಯಂನ ಹೆಚ್ಚುಕಡಿಮೆ ಒಂದೂವರೆ ಮನೆಯಷ್ಟು ಏರಿಬಿಡುತ್ತೆ. ಅಜ್ಜಿಯ ದನಿ ಅಜ್ಜಿಯದ್ದಾಗಿ ಉಳಿಯಲ್ಲ.

ಇನ್ನು ಪ್ಲಗ್‌ಗಳ ವಿಚಾರ. ತೂತಿಗೆ ಕೂತ ಮಾತ್ರಕ್ಕೆ ಭಾಷೆ ಒಂದೇ ಅಂತಲ್ಲ. ಅದೇ ಆಪ್ಟಿಕಲ್ ಪ್ಲಗ್‌ನಲ್ಲಿ ಎಸ್‌ಪಿಡಿಫ್ ಆದರೆ ಎರಡು ಚಾನೆಲ್, ಎಡಾಟ್ ಆದರೆ 48 ಕಿಲೋಹರ್ಟ್ಸ್‌ನಲ್ಲಿ ಎಂಟು ಚಾನೆಲ್. 96ಕ್ಕೆ ಏರಿಸಿದರೆ ಎಡಾಟ್ ನಾಲ್ಕೇ ಚಾನೆಲ್ ಒಯ್ಯುತ್ತೆ. ಎಇಎಸ್ ಡಿಜಿಟಲ್ ಕೇಬಲ್ ನೋಡೋಕೆ ಮೈಕ್ ಕೇಬಲ್ ಥರಾನೇ ಇದ್ದರೂ ಅದು 110 ಓಮ್‌ನದ್ದಾಗಿರಬೇಕು. ಎಸ್‌ಪಿಡಿಫ್‌ನ ಆರ್‌ಸಿಎ ಕೇಬಲ್ 75 ಓಮ್. ಹಳೇ ಟಿವಿಯ ಕೆಂಪು, ಬಿಳಿ ಆಡಿಯೋ ವೈರ್ ಹಾಕಿದರೆ ಹತ್ತಿರದಲ್ಲಿ ಕೆಲಸ ಮಾಡಬಹುದು, ಉದ್ದ ಜಾಸ್ತಿಯಾದಂತೆ ನಂಬೋಕಾಗಲ್ಲ.

ಮೊಬೈಲ್‌ನಲ್ಲೇ ಶೂಟ್ ಮಾಡೋರಿಗೂ ಇದು ಅನ್ವಯ. ವಿಡಿಯೋ ಫೋನ್‌ನಲ್ಲಿ, ಧ್ವನಿ ಬೇರೆ ರೆಕಾರ್ಡರ್‌ನಲ್ಲಿ ಹಿಡಿದರೆ ಗಡಿಯಾರ ಎರಡಾಯ್ತಲ್ಲ. ಶುರುವಿನಲ್ಲಿ ಚಪ್ಪಾಳೆ ತಟ್ಟಿ ಹೊಂದಿಸಿದರೂ ಗಂಟೆ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಬಹುದು. ಅದಕ್ಕೇ ಕೊನೆಯಲ್ಲೂ ಒಂದು ಚಪ್ಪಾಳೆ ತಟ್ಟಿ. ಎಷ್ಟು ಜಾರಿದೆ ಅಂತ ಗೊತ್ತಾಗುತ್ತೆ.

ಇಷ್ಟೆಲ್ಲ ತಲೆಬಿಸಿ ಯಾಕೆ ಅಂತೀರಾ? ಬೆಳಗೊಳದ ಮಹಾಮಸ್ತಕಾಭಿಷೇಕವನ್ನೇ ನೋಡಿ: 2006ರಲ್ಲಿ ಆಯ್ತು, ಆಮೇಲೆ 2018ರಲ್ಲಿ. ಅಲ್ಲಿ ರೆಕಾರ್ಡಿಂಗ್ ಕೆಟ್ಟರೆ ಮುಂದಿನ ಟೇಕ್‌ಗೆ ಹನ್ನೆರಡು ವರ್ಷ ಕಾಯಬೇಕು. ಎಂಬತ್ತು ದಾಟಿದ ಅಜ್ಜಿ ಹಾಡುವ ಭಜನೆಗೆ ಆ ಅವಕಾಶವೂ ಇಲ್ಲ. ಮಿಕ್ಸಿಂಗ್‌ನಲ್ಲಿ ಟಿಕ್ ಒರೆಸೋ ಸಾಫ್ಟ್‌ವೇರ್ ಇದೆ ನಿಜ, ಆದ್ರೆ ಗಂಟೆಗಟ್ಟಲೆ ಹಾಡಿನಲ್ಲಿ ಸಾವಿರಾರು ಟಿಕ್ ಒರೆಸುವಾಗ ದನಿಯೂ ಸವೆಯುತ್ತೆ.

ಹಾಗಾಗಿ ಹಾಡೋರು ಬರೋಕೆ ಮೊದಲೇ ಒಂದು ಪರೀಕ್ಷೆ ಮಾಡಿ. ಫೋನ್‌ನಲ್ಲಿ ಶ್ರುತಿಪೆಟ್ಟಿಗೆ ಆ್ಯಪ್ ಹಾಕಿ, ಎರಡನೇ ಪೆಟ್ಟಿಗೆಗೆ ಜೋಡಿಸಿದ ಮೈಕ್ ಮುಂದಿಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್‌ನಲ್ಲಿ ಕೇಳಿ. ತಾಳದ ಸದ್ದಿನಲ್ಲಿ ಟಿಕ್ ಅಡಗಿಕೊಳ್ಳುತ್ತೆ, ಶ್ರುತಿಯಲ್ಲಿ ಅಡಗೋಕೆ ಜಾಗ ಇಲ್ಲ. ಹತ್ತು ನಿಮಿಷವೂ ಶುದ್ಧವಾಗಿದ್ದರೆ ಅಜ್ಜಿಯರನ್ನ ಕರೀರಿ.

ಮುಂದಿನ ಕಂತಿನಲ್ಲಿ ಸಿಗೋಣ.